ದೊರ್ವಾಲಿನೊಗೊಂದು ಕೋಣೆ

ಮರ ಕಡಿಸಬೇಕು ಅನ್ನುವ ಮಾತು ಆ ಮನೆಯಲ್ಲಿ ಮೊದಲ ಸಲ ಬಂದದ್ದು ಊಟದ ಹೊತ್ತಿನಲ್ಲಿ, ಅದೂ ಸೊಸೆ ಜುಸೇಲಿಯಾಳ ಬಾಯಿಂದ. ಒತೀಲಿಯಾ ಮೆಕ್ಕೆಜೋಳದ ಮುದ್ದೆಯನ್ನು ಹಲಗೆಯ ಮೇಲೆ ಮಗುಚಿ, ದಾರದಿಂದ ಕೊಯ್ದು ತಟ್ಟೆಗಳಿಗೆ ಹಾಕುತ್ತಿದ್ದಳು. ಮಗ ಒಸ್ನಿ ಪುರಸಭೆಯ ಕಸದ ಲಾರಿ ಓಡಿಸಿ ಬಂದು ಆಗಷ್ಟೇ ಕೈ ತೊಳೆದಿದ್ದ. ಮೊಮ್ಮಗಳು ಮಾಯ್ರಾ ಸೌದೆ ಒಲೆಯ ಕಬ್ಬಿಣದ ಹಲಗೆಯ ಮೇಲೆ ಪಿನ್ಯಾವ್ ಹುರಿಯುತ್ತಿದ್ದಳು. ಪಿನ್ಯಾವ್ ಅಂದರೆ ಹಿತ್ತಲ ಪೈನ್ ಮರದ ಬೀಜ. ಹಲಸಿನ ಬೀಜದ ಹಾಗೆ ಸಿಪ್ಪೆ ಬಿಡಿಸಿ ತಿನ್ನುವಂಥದ್ದು.

"ಇನ್ನು ನನ್ನ ಕೈಲಿ ಆಗಲ್ಲ," ಅಂದಳು ಜುಸೇಲಿಯಾ. "ಮಾವನ್ನ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿದೆ. ಕೆಳಗೆ ಒಂದು ಕೋಣೆ ಕಟ್ಟಿಸಿ, ಪಕ್ಕದಲ್ಲೇ ಬಚ್ಚಲು ಮಾಡ್ಸಿ. ಗಾಲಿಕುರ್ಚಿ ತಳ್ಳಿದ್ರೆ ಸೀದಾ ಒಳಗೆ ಹೋಗ್ಬೇಕು."

"ಕೆಳಗೆ ಎಲ್ಲಿ ಜಾಗ ಇದೆ?" ಅಂದ ಒಸ್ನಿ.

"ಮರ ಇರೋ ಕಡೆ."

ಒಲೆಯ ಮೇಲೆ ಒಂದು ಬೀಜ ಟಪ್ ಎಂದು ಸಿಡಿಯಿತು.

ದೊರ್ವಾಲಿನೊಗೆ ಬೇಸಿಗೆಯ ಕೊನೆಯಲ್ಲಿ ಲಕ್ವ ಹೊಡೆದಿತ್ತು. ಬಲಗಡೆಯ ಕೈಕಾಲು ಬಿದ್ದುಹೋಗಿ, ನಾಲಿಗೆ ದಪ್ಪವಾಗಿ, ಬಾಯಿಂದ ಬರುವುದೆಲ್ಲ ಬರೀ ಗೊಣಗಾಟವಾಗಿತ್ತು. ಅದು ಮಾತಾಗಿ ಕೇಳುತ್ತಿದ್ದದ್ದು ಹೆಂಡತಿ ಒತೀಲಿಯಾಗೆ ಒಬ್ಬಳಿಗೇ. ಮನೆ ಹಳೆಯ ಹಲಗೆ ಮನೆ, ಇಳಿಜಾರಿನಲ್ಲಿ ಕಂಬಗಳ ಮೇಲೆ ನಿಂತದ್ದು. ಮೇಲುಗಡೆ ರಸ್ತೆ, ರಸ್ತೆಗೆ ಬೆನ್ನು ಮಾಡಿ ಅಂಟಿಕೊಂಡ ಅಡುಗೆಮನೆ, ಆ ಕಡೆ ಬಾಗಿಲಿಲ್ಲ. ಕೆಳಗಡೆ ಕಡಿದಾದ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಬಚ್ಚಲು, ಆಮೇಲೆ ಒಂದು ತುಂಡು ಸಮತಟ್ಟು ನೆಲ, ಅದರಾಚೆ ಓಣಿ. ಆ ನೆಲದ ನಟ್ಟನಡುವೆ ಪೈನ್ ಮರ. ಆಸ್ಪತ್ರೆಯ ವ್ಯಾನು ಬಂದಾಗಲೆಲ್ಲ ಒಸ್ನಿ ಅಪ್ಪನನ್ನು ಗೋಣಿಚೀಲದ ಹಾಗೆ ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಯುತ್ತಿದ್ದ. ಉಳಿದ ದಿನ ಜುಸೇಲಿಯಾ ಬಿಸಿನೀರನ್ನು ಬಕೆಟ್ಟಿನಲ್ಲಿ ಮೇಲಕ್ಕೆ ತಂದು, ಪಡಸಾಲೆಯಲ್ಲೇ ಪ್ಲಾಸ್ಟಿಕ್ ಹಾಸಿ ಮಾವನ ಮೈ ತೊಳೆಯುತ್ತಿದ್ದಳು. ಹೆತ್ತ ಮಗಳೂ ಅಷ್ಟು ಮಾಡುವುದಿಲ್ಲ ಎಂದು ಒತೀಲಿಯಾಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

"ಅಪ್ಪಾ, ಅದು ಪೈನ್," ಅಂದಳು ಮಾಯ್ರಾ. "ಮುಟ್ಟಿದ್ರೆ ಜೈಲು."

"ಜೈಲೋ ದಂಡವೋ, ಕೇಳಿದ್ರೆ ತಾನೆ ಗೊತ್ತಾಗೋದು," ಅಂದಳು ಜುಸೇಲಿಯಾ. "ನಿಮ್ಮಪ್ಪ ಪುರಸಭೆಯಲ್ಲೇ ಕೆಲಸ ಮಾಡೋದು. ಒಂದು ಮಾತು ಕೇಳೋಕೆ ಬಾಯಿಲ್ವಾ?"

ಒಸ್ನಿ ಮುದ್ದೆ ಮುರಿದು ಬೀನ್ಸ್ ಸಾರಿಗೆ ಅದ್ದಿದ. ಆಮೇಲೆ ತಾಯಿಯ ಕಡೆ ನೋಡದೆ ಅಂದ, "ಬೆರಳುದ್ದ ಇದ್ದಾಗಲೇ ಕಿತ್ತಿದ್ರೆ ಈ ಗೋಳೇ ಇರ್ತಿರಲಿಲ್ಲ."

ಒತೀಲಿಯಾ ದಾರ ತೊಳೆಯಲು ಎದ್ದಳು.

ದಕ್ಷಿಣ ಬ್ರೆಜಿಲಿನ ಆ ಘಟ್ಟದೂರು ವಾರ್ಜೆಂ ಬ್ರಾಂಕಾದಲ್ಲಿ ಅದು ಎಲ್ಲ ಮನೆಯ ಪದ್ಧತಿ. ನೀಲಿ ಕಾಗೆ ಬೀಜ ಕದ್ದು ಹಿತ್ತಲಲ್ಲಿ ಹೂತಿಡುತ್ತದೆ, ಹೂತಿಟ್ಟ ಜಾಗ ಮರೆಯುತ್ತದೆ, ಮಳೆ ಬಿದ್ದಮೇಲೆ ಪೈನ್ ಮೊಳಕೆ ಏಳುತ್ತದೆ. ಎದ್ದ ಕೂಡಲೇ ಕಿತ್ತು ಒಲೆಗೆ ಹಾಕಬೇಕು. ಮಂಡಿಯೆತ್ತರ ಬಂತೆಂದರೆ ಅದು ನಿಮ್ಮದಲ್ಲ, ಕಾಯಿದೆಯದ್ದು. ಹೆಂಗಸರು ಮುಳ್ಳುಸೊಪ್ಪು ಕೀಳುವ ಹಾಗೆ ಮಾತಾಡಿಕೊಂಡೇ ಅದನ್ನೂ ಕೀಳುತ್ತಿದ್ದರು. ಒತೀಲಿಯಾ ಕೂಡ ಎಷ್ಟೋ ಕಿತ್ತಿದ್ದಾಳೆ. ಒಂದನ್ನು ಮಾತ್ರ ಕೀಳಲಿಲ್ಲ. ತಳ ಹೋದ ಬಾಲ್ದಿಯೊಂದನ್ನು ಅದರ ಸುತ್ತ ಇಟ್ಟು ಗಂಡನ ಕಣ್ಣಿಗೆ ಬೀಳದ ಹಾಗೆ ಬೆಳೆಸಿದಳು. ಒಸ್ನಿ ಆಗ ಸ್ಲೇಟು ಹಿಡಿಯುವ ಹುಡುಗ, ಎಲ್ಲ ನೋಡಿದ್ದ. ಯಾಕೆ ಹಾಗೆ ಮಾಡಿದೆ ಅಂದರೆ ಅವಳಿಗೇ ಗೊತ್ತಿರಲಿಲ್ಲ. ದೊರ್ವಾಲಿನೊ ಗರಗಸದ ಮಿಲ್ಲಿನಲ್ಲಿ ಮರ ಉರುಳಿಸುವ ಕೆಲಸದವನು. ಪೈನ್ ಕಾಡು ಮುಗಿಯುವ ತನಕ ಕಡಿದವನು. ಬಾಲ್ದಿ ಒಡೆದು ಗಿಡ ಸೊಂಟಕ್ಕೆ ಬಂದಾಗ ಅವನಿಗೆ ತಿಳಿಯಿತು. ಕೊಡಲಿ ತರುತ್ತಾನೆ ಅಂದುಕೊಂಡಿದ್ದಳು. ಅವನು ಬಹಳ ಹೊತ್ತು ನಕ್ಕು, "ನಾನು ಕಾಡು ಕಡೀತೀನಿ, ನೀನು ಮನೇಲಿ ಕಾಡು ಸಾಕ್ತೀಯ," ಅಂದು ಸುಮ್ಮನಾದ.

*

ಅರ್ಜಿ ಕೊಟ್ಟಮೇಲೆ ಪುರಸಭೆಯಿಂದ ಸಿಮಾರಾ ಮೇಡಂ ಬಂದಳು. ಮರಗಿಡದ ಇಲಾಖೆಯವಳು, ಇನ್ನೂ ಚಿಕ್ಕ ವಯಸ್ಸು. ಓಣಿಯ ಕಡೆಯಿಂದಲೇ ಬಂದು ಮರದ ಸುತ್ತ ತಿರುಗಿದಳು, ತೊಗಟೆ ತಟ್ಟಿದಳು, ಕೊಡೆ ಬಿಚ್ಚಿದ ಹಾಗಿದ್ದ ನೆತ್ತಿಯನ್ನು ಕತ್ತೆತ್ತಿ ನೋಡಿದಳು. ಆಮೇಲೆ ಮೇಲೆ ಬಂದು ಒಲೆಯ ಹತ್ತಿರ ಕೂತಳು. ಒತೀಲಿಯಾ ಸೋರೆಬುರುಡೆಯಲ್ಲಿ ಮಾತೆ ಎಂಬ ಸೊಪ್ಪಿನ ಕಷಾಯ ಮಾಡಿ ಕೊಟ್ಟಳು. ಹುಡುಗಿ ಕೊಳವೆಯಿಂದ ಪೂರ್ತಿ ಹೀರಿ, ಬುರುಡೆಯನ್ನು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟಳು. ಊರಿನ ಹುಡುಗಿಯೇ.

"ಮರ ಗಟ್ಟಿಮುಟ್ಟಾಗಿದೆ, ಒಸ್ನಿ," ಅಂದಳು. "ಒಣಗಿದ್ರೆ, ರೋಗ ಬಂದಿದ್ರೆ, ಮನೆ ಮೇಲೆ ವಾಲಿದ್ರೆ ನಾನೇ ಸಹಿ ಹಾಕ್ತಿದ್ದೆ. ಇದಕ್ಕೆ ಏನಂತ ಬರೀಲಿ?"

"ನಮ್ಮಪ್ಪ ಅಂತ ಬರೀರಿ," ಅಂದ ಒಸ್ನಿ. "ಒಳಗೆ ಮಲಗಿದಾರೆ, ಬಂದು ನೋಡಿ."

ಅವಳು ಹೋಗಿ ನೋಡಿದಳು. ದೊರ್ವಾಲಿನೊ ಕಿಟಕಿಯ ಪಕ್ಕ ಒರಗಿ ಕೂತಿದ್ದ. ಅವಳನ್ನು ಕಂಡು ಏನೋ ಗೊಣಗಿದ.

"ಏನಂತಾರೆ?"

"ಯಾರ ಮಗಳು ಅಂತ ಕೇಳ್ತಿದಾರೆ," ಅಂದಳು ಒತೀಲಿಯಾ.

ಸಿಮಾರಾ ತಂದೆಯ ಹೆಸರು ಹೇಳಿದಳು. ದೊರ್ವಾಲಿನೊ ಎಡಗೈ ಎತ್ತಿ ಗರಗಸ ಎಳೆಯುವ ಹಾಗೆ ಮಾಡಿ ತೋರಿಸಿದ.

"ನಿಮ್ಮ ತಾತನೂ ಇವರೂ ಒಂದೇ ಗರಗಸದ ಎರಡು ಕಡೆ ಹಿಡಿದವರಂತೆ."

ಹುಡುಗಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಅಡುಗೆಮನೆಗೆ ವಾಪಸು ಬಂದು ಮೆಲ್ಲಗೆ ಹೇಳಿದಳು: "ಅವರ ಕಾಲದಲ್ಲಿ ದಕ್ಷಿಣ ಬ್ರೆಜಿಲಿನ ಘಟ್ಟ ಪೂರ್ತಿ ಪೈನ್ ಇತ್ತು. ಈಗ ಒಂದೊಂದು ಹಿತ್ತಲಲ್ಲಿ ಒಂದೊಂದು. ಇವತ್ತು ನಿಮಗೆ ಬಿಟ್ರೆ ನಾಳೆ ಗ್ಯಾರೇಜು ಕಟ್ಟೋನಿಗೂ ಬಿಡ್ಬೇಕು. ನನಗೂ ಸಂಕಟಾನೇ." ಎದ್ದು ಅಡುಗೆಮನೆಯ ಗೋಡೆ ನೋಡಿ, ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಮರ್ಯಾದೆಯಿಂದ ಅಂದಳು: "ದೋನಾ ಒತೀಲಿಯಾ, ಇದು ರಸ್ತೆ ಮಟ್ಟದಲ್ಲೇ ಇದೆಯಲ್ಲ. ನಲ್ಲಿ ಇಲ್ಲೇ ಇದೆ. ಈ ಒಲೆ ತೆಗೆದು, ರಸ್ತೆಗೊಂದು ಬಾಗಿಲು ಇಟ್ಟು, ಇದನ್ನೇ ಅವರ ಕೋಣೆ ಮಾಡಿ, ಮೂಲೇಲಿ ಬಚ್ಚಲು ಮಾಡ್ಕೋಬಹುದು. ಆ ಪರವಾನಗಿ ವಾರದೊಳಗೆ ಕೊಡಿಸ್ತೀನಿ."

ಒಸ್ನಿ, ಜುಸೇಲಿಯಾ ಇಬ್ಬರೂ ಒತೀಲಿಯಾಳ ಮುಖ ನೋಡಿದರು.

"ಒಲೆ ಕೆಡವೋದಾ?" ಅಂದಳು ಒತೀಲಿಯಾ. "ಹಿಮ ಬೀಳೋ ಕಾಲಕ್ಕೆ ಈ ಮನೇಲಿ ಬೆಚ್ಚಗಿರೋದು ಇದೊಂದೇ ಜಾಗ. ನಾವೆಲ್ಲ ಎಲ್ಲಿ ಕೂರೋಣ? ಇದು ನನ್ನ ಅತ್ತೆ ಹಾಕಿಸಿದ ಒಲೆ. ಮದುವೆಯಾಗಿ ಬಂದ ದಿನದಿಂದ ಇದರ ಬೆಂಕಿ ಆರಿಲ್ಲ."

"ಗ್ಯಾಸು ಇದೆಯಲ್ಲ ಅತ್ತೆ," ಅಂದಳು ಜುಸೇಲಿಯಾ.

"ಗ್ಯಾಸಿನ ಮುಂದೆ ಯಾರು ಕೂತು ಮಾತಾಡ್ತಾರೆ?"

ಅಲ್ಲಿಗೆ ಆ ಮಾತು ಮುಗಿಯಿತು. ಸಿಮಾರಾ ಮೇಡಂ ಎದ್ದು ಹೋದಮೇಲೆ ಜುಸೇಲಿಯಾ ಬುರುಡೆ ತೊಳೆಯುತ್ತಾ, ತನಗೆ ತಾನೇ ಎಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಒಬ್ಬರಿಗೆ ಮರ ಬೇಕು, ಒಬ್ಬರಿಗೆ ಒಲೆ ಬೇಕು. ಸೊಂಟ ಮಾತ್ರ ನಂದು."

*

ಮೇ ತಿಂಗಳು ಬಂತು, ಆ ಕಡೆಯ ಚಳಿಗಾಲ ಇಳಿಯಿತು. ಒಂದು ಬೆಳಿಗ್ಗೆ ಮೈ ತೊಳೆಸುವಾಗ ದೊರ್ವಾಲಿನೊ ಸೊಸೆಯ ಕೈಯಿಂದ ಜಾರಿದ. ಸೋಪಿನ ಮೈ, ಪ್ಲಾಸ್ಟಿಕ್ ನೆಲ. ಬೀಳುವಾಗ ಕುರ್ಚಿಯ ಅಂಚು ಹಣೆಗೆ ತಗಲಿತು. ಒತೀಲಿಯಾ ಓಡಿ ಬಂದಾಗ ಜುಸೇಲಿಯಾ ಒದ್ದೆ ನೆಲದ ಮೇಲೆ ಕೂತು, ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಟವೆಲಿನಿಂದ ಹಣೆ ಒತ್ತಿ ಹಿಡಿದಿದ್ದಳು. ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಮುದುಕ ಅವಳ ಕೈಯನ್ನು ತಟ್ಟುತ್ತಾ ಏನೋ ಹೇಳುತ್ತಿದ್ದ.

"ಏನು ಹೇಳ್ತಿದಾರೆ ಅತ್ತೆ? ಬೈತಿದಾರಾ?"

"ಅಳಬೇಡ, ತಪ್ಪು ನಂದೇ, ನಾನೇ ಜಾರ್ದೆ ಅಂತಿದಾರೆ."

ಜುಸೇಲಿಯಾ ಇನ್ನಷ್ಟು ಅತ್ತಳು.

ಅವತ್ತು ಸಂಜೆ ಅವಳು ಊಟಕ್ಕೆ ಕೂರಲಿಲ್ಲ. ಗೋಡೆ ಹಿಡಿದು ನಿಂತೇ ಹೇಳಿದಳು: "ಕೆಳಗಿನ ದೊಡ್ಡ ಊರಲ್ಲಿ ಕನ್ಯಾಸ್ತ್ರೀಯರು ನಡೆಸೋ ವೃದ್ಧಾಶ್ರಮ ಇದೆ. ವ್ಯಾನಿನ ನರ್ಸ್ ಹೇಳಿದ್ಳು. ಚೆನ್ನಾಗಿ ನೋಡ್ಕೋತಾರಂತೆ."

"ನನ್ನ ಗಂಡ ಎಲ್ಲಿಗೂ ಹೋಗಲ್ಲ," ಅಂದಳು ಒತೀಲಿಯಾ. "ಅಲ್ಲಿ ಅವರ ಮಾತು ಯಾರಿಗೆ ತಿಳಿಯತ್ತೆ? ನೀರು ಬೇಕು ಅಂದ್ರೂ ಯಾರಿಗೆ ಗೊತ್ತಾಗತ್ತೆ?"

"ಹಾಗಾದ್ರೆ ನೀವೇ ಎತ್ತಿ."

"ಜುಸೇಲಿಯಾ," ಅಂದ ಒಸ್ನಿ.

"ಏನು ಜುಸೇಲಿಯಾ? ನಾನೇನು ಸುಳ್ಳು ಹೇಳಿದ್ನಾ? ನಾನು ಬಿದ್ದುಹೋದ್ರೆ ಈ ಮನೇಲಿ ಇಬ್ಬರು ರೋಗಿಗಳಾಗ್ತಾರೆ, ಅಷ್ಟೆ. ಆಗ ಆ ಮರಕ್ಕೆ ಹೇಳಿ ನಮ್ಮಿಬ್ಬರ ಬಟ್ಟೆ ಒಗಿ ಅಂತ."

ಮಾಯ್ರಾ ತಟ್ಟೆ ಬಿಟ್ಟೆದ್ದು ಅಜ್ಜನ ಹತ್ತಿರ ಹೋಗಿ ಕೂತಳು. ಒಸ್ನಿ ತಿನ್ನುತ್ತಲೇ ಇದ್ದ. ಅವನಿಗೆ ಚಿಂತೆ ಹೆಚ್ಚಾದಷ್ಟೂ ತಿನ್ನುವುದು ಹೆಚ್ಚು. ಚಿಕ್ಕಂದಿನಿಂದ ಹಾಗೇ.

ಆ ವಾರ ಸೌದೆ ಹಾಕಲು ಆರ್ಲಿಂದೊ ಬಂದ. ಓಣಿಯಾಚೆಯವನು, ಬಾಯಿ ಸುಮ್ಮನಿರದವನು. ಸೌದೆ ಪೇರಿಸುತ್ತಾ ಮರದ ಕಡೆ ತಲೆಯಾಡಿಸಿದ.

"ಸಾವಿರ ಪೈನ್ ಉರುಳಿಸಿದ ಮನುಷ್ಯನಿಗೆ ಒಂದನ್ನ ಕಡಿಯೋಕೆ ಬಿಡ್ತಿಲ್ಲ ನೋಡು. ಎಲ್ಲಿಟ್ಟಿದಾರೆ ನ್ಯಾಯಾನ?"

"ಸುಮ್ನೆ ಸೌದೆ ಹಾಕಿ ಹೋಗಯ್ಯ," ಅಂದ ಒಸ್ನಿ.

"ಹೋಗ್ತೀನಪ್ಪ. ಆದ್ರೆ ಒಂದು ಮಾತು. ಕಾಯಿದೆ ಇರೋದು ಬದುಕಿರೋ ಮರಕ್ಕೆ. ಸತ್ತ ಮರವನ್ನ ಅವರೇ ಬಂದು ಕಡಿದು ಹೋಗ್ತಾರೆ. ಮರ ಅಂದಮೇಲೆ ಸಾಯಲ್ವಾ? ಮನುಷ್ಯರೇ ಸಾಯ್ತಾರೆ." ದನಿ ತಗ್ಗಿಸಿದ. "ಬುಡದಲ್ಲಿ, ಮಣ್ಣಿನ ಮಟ್ಟಕ್ಕಿಂತ ಕೆಳಗೆ. ತೂತು, ಕಳೆ ಔಷಧಿ, ಮೇಲೆ ಮೇಣ. ದೇವರಾಣೆ ನಾನು ಏನೂ ಹೇಳಿಲ್ಲ."

ಒತೀಲಿಯಾ ಮೇಲೆ ಮೆಟ್ಟಿಲ ತುದಿಯಲ್ಲಿ ಎಲೆಕೋಸಿನ ಸಿಪ್ಪೆ ಹಿಡಿದು ನಿಂತಿದ್ದಳು. ಪ್ರತಿ ಮಾತೂ ಕೇಳಿಸಿತ್ತು. ಸಿಪ್ಪೆಯನ್ನು ಕೋಳಿಗಳಿಗೆ ಎಸೆದು ಒಳಗೆ ಹೋದಳು.

ಭಾನುವಾರ ಜುಸೇಲಿಯಾ, ಮಾಯ್ರಾ ಇಗರ್ಜಿಗೆ ಹೋದರು. ಒಸ್ನಿ ಹೋಗಲಿಲ್ಲ. ಒತೀಲಿಯಾ ಗಂಡನಿಗೆ ಹಾಲಿನಲ್ಲಿ ಬ್ರೆಡ್ ನೆನೆಸಿ ತಿನ್ನಿಸುತ್ತಿದ್ದಳು. ರೇಡಿಯೊದಲ್ಲಿ ಬಲಿಪೂಜೆ ಬರುತ್ತಿತ್ತು. ಆಗ ಕೆಳಗಿನಿಂದ ಆ ಸದ್ದು ಬಂತು. ಕಿರ್ರ್, ಕಿರ್ರ್, ನಡುವೆ ಒಂದು ಉಸಿರು, ಮತ್ತೆ ಕಿರ್ರ್.

ದೊರ್ವಾಲಿನೊ ಬಾಯಿ ಮುಚ್ಚಿದ. ಚಮಚ ಒಳಗೆ ಹೋಗಲಿಲ್ಲ. ತಲೆ ವಾಲಿಸಿ ಆಲಿಸಿದ. ಮರದ ಕೆಲಸದವನ ಕಿವಿ ಅದು, ಯಾವ ಹತಾರು, ಯಾವ ಮರ ಎಂದು ಕಣ್ಣು ಕಟ್ಟಿದರೂ ಹೇಳುತ್ತಿದ್ದ. ಅವಳ ಕಡೆ ತಿರುಗಿ ಗೊಣಗಿದ.

ಯಾರದು ಬೈರಿಗೆಯಿಂದ ಕೊರೀತಿರೋದು, ಎಂದು ಕೇಳುತ್ತಿದ್ದ. ಹಸಿ ಮರಕ್ಕೆ ಯಾಕೆ ಬೈರಿಗೆ ಹಾಕ್ತಿದಾರೆ?

ಕೆಳಗಿಳಿಯಲು ಮೆಟ್ಟಿಲಿದ್ದವು. ಕಿಟಕಿಯಿಂದ ಒಂದು ಸಲ ಹೆಸರು ಹಿಡಿದು ಕೂಗಿದ್ದರೂ ಸಾಕಿತ್ತು. ಒಸ್ನಿ ನಿಲ್ಲಿಸುತ್ತಿದ್ದ, ಅವನು ಅಮ್ಮನ ದನಿಗೆ ಇವತ್ತಿಗೂ ಹೆದರುವವನು. ಒತೀಲಿಯಾ ಚಮಚ ತಟ್ಟೆಯಲ್ಲಿಟ್ಟಳು. ಗಂಡನ ಹಣೆಯ ಗಾಯದ ಕಲೆ ನೋಡಿದಳು.

"ಒಸ್ನಿ ಬೇಲಿ ರಿಪೇರಿ ಮಾಡ್ತಿದಾನೆ," ಅಂದು, ರೇಡಿಯೊದ ದನಿ ಜೋರು ಮಾಡಿದಳು.

ದೊರ್ವಾಲಿನೊ ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಾಯಿ ತೆರೆದ. ಅವಳು ತಿನ್ನಿಸಿದಳು.

*

ಜೂನ್ ಕಳೆಯುವ ಹೊತ್ತಿಗೆ ಮರದ ಕೆಳಗಿನ ರೆಂಬೆಗಳ ತುದಿ ತುಕ್ಕು ಹಿಡಿದ ಹಾಗಾಯಿತು. ಆಮೇಲೆ ತುಕ್ಕು ಮೇಲಕ್ಕೆ ಹತ್ತಿತು. ಪಕ್ವವಾಗದ ಕಾಯಿಗಳು ಇಡಿಇಡಿಯಾಗಿ ಬಿದ್ದವು. ಒಡೆದರೆ ಒಳಗೆ ಬರೀ ಸಿಪ್ಪೆ.

"ಹಿಮಕ್ಕೆ ಹಾಗಾಗಿದೆ," ಅಂದ ಒಸ್ನಿ.

"ಹಿಮ ಪೈನಿಗೆ ಏನು ಮಾಡತ್ತೆ ಅಪ್ಪಾ?" ಅಂದಳು ಮಾಯ್ರಾ. ಊಟದ ಮೇಜಿನ ಮೇಲೆ ಎರಡೂ ಮೊಣಕೈ ಊರಿದ್ದಳು. "ಪಕ್ಕದವರ ಮರ ಹಸಿರಾಗಿದೆ. ಇಗರ್ಜಿ ಮುಂದಿನದು ಹಸಿರಾಗಿದೆ. ಹಿಮ ನಮ್ಮ ಹಿತ್ತಲಿಗೆ ಮಾತ್ರ ಬಿತ್ತಾ?"

"ಬಾಯ್ಮುಚ್ಕೊಂಡು ತಿನ್ನು."

"ನಿನ್ನ ಕೈ ಯಾಕೆ ಅಷ್ಟು ದಿನ ಔಷಧಿ ವಾಸನೆ ಹೊಡೀತಿತ್ತು?"

ಒಸ್ನಿ ಮೇಜು ಗುದ್ದಿದ. ಸಾರು ಚೆಲ್ಲಿತು. "ನಿಮ್ಮಜ್ಜ ಮನುಷ್ಯರ ಹಾಗೆ ಸ್ನಾನ ಮಾಡ್ಲಿ ಅಂತ. ತಿಳೀತಾ? ನಿನಗೆ ಮರ ದೊಡ್ಡದೋ ಅಜ್ಜ ದೊಡ್ಡೋರೋ?"

"ಅಜ್ಜನ್ನ ಕೇಳಿದ್ಯಾ ನೀನು?"

"ಕೇಳಿದ್ರೆ ಯಾರಿಗೆ ತಿಳಿಯತ್ತೆ ಅವರ ಮಾತು?"

ಮಾಯ್ರಾ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿಗೆ ತಿಳಿಯತ್ತೆ. ಅಜ್ಜಿ, ನೀನು ಕೇಳಿದ್ಯಾ?"

ಒತೀಲಿಯಾ ಬಟ್ಟೆ ತಂದು ಚೆಲ್ಲಿದ ಸಾರು ಒರೆಸಿದಳು. "ಊಟದ ಹೊತ್ತಲ್ಲಿ ಜಗಳ ಬೇಡ," ಅಂದಳು. ಹುಡುಗಿ ಆಮೇಲೆ ಅಜ್ಜಿಯ ಕಡೆಯೂ ನೋಡಲಿಲ್ಲ.

ದೊರ್ವಾಲಿನೊ ಮಾತ್ರ ಏನೂ ಕೇಳಲಿಲ್ಲ. ಕಿಟಕಿಯ ಪಕ್ಕ ಕೂರಿಸಿದರೆ ಕೂರುತ್ತಿದ್ದ. ಒಂದು ದಿನ ಒತೀಲಿಯಾ ತಾನಾಗಿಯೇ ಹೇಳಿದಳು: ಮರಕ್ಕೆ ರೋಗ ಬಂದಿದೆ, ಪುರಸಭೆಯವರು ಕಡೀತಾರೆ, ಅಲ್ಲಿ ನಿಮಗೆ ಕೋಣೆ ಬರತ್ತೆ, ಬಿಸಿನೀರಿನ ಬಚ್ಚಲು, ಓಣಿಗೆ ಬಾಗಿಲು. ಸಂಜೆ ಹೊತ್ತು ಕುರ್ಚಿಯಲ್ಲಿ ಕೂತು ಬರುವವರನ್ನು ಹೋಗುವವರನ್ನು ಮಾತಾಡಿಸಬಹುದು. ಅವನು ಕೇಳಿಸಿಕೊಂಡ. ಓಣಿಗೆ ಬಾಗಿಲು ಅಂದಾಗ ಅವನ ಮುಖ ಅರಳಿತು. ಬಾಗಿಲು ಅಗಲ ಇರಲಿ ಅಂದ.

ಜುಲೈಯಲ್ಲಿ ಒಸ್ನಿ ಮತ್ತೊಂದು ಅರ್ಜಿ ಕೊಟ್ಟ: ಮರ ಸಾಯುತ್ತಿದೆ, ಮನೆಯ ಮೇಲೆ ಬೀಳುವ ಭಯ, ತೆಗೆಯಲು ಅಪ್ಪಣೆ ಬೇಕು. ಇಟ್ಟಿಗೆಯವನ ಹತ್ತಿರವೂ ಮಾತಾಡಿ ಬಂದ. ಜುಸೇಲಿಯಾ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕೋಣೆ ಎಲ್ಲಿಂದ ಎಲ್ಲಿಗೆ ಬರುತ್ತದೆ ಎಂದು ಸುಣ್ಣದಲ್ಲಿ ಗೆರೆ ಹಾಕಿದಳು. ಆ ಒಂದು ವಾರ ಮನೆಯಲ್ಲಿ ಎಲ್ಲರೂ ಒಳ್ಳೆಯ ಮಾತಾಡಿದರು. ಜುಸೇಲಿಯಾ ಸಿಹಿ ಬ್ರೆಡ್ಡು ಮಾಡಿದಳು. ಮೊದಲ ತುಂಡು ಅತ್ತೆಗೆ ಕೊಟ್ಟಳು.

ಸಿಮಾರಾ ಮೇಡಂ ಈ ಸಲ ಮೇಲೆ ಬರಲಿಲ್ಲ. ಸುಣ್ಣದ ಗೆರೆ ದಾಟಿ ಸೀದಾ ಮರದ ಬುಡಕ್ಕೆ ಹೋದಳು. ಮಂಡಿಯೂರಿ ಕೂತು ಉದುರಿದ ಸೂಜಿಯೆಲೆ ಸರಿಸಿದಳು, ಕೈಗುದ್ದಲಿಯಿಂದ ಮಣ್ಣು ಕೆರೆದಳು. ಒಸ್ನಿ, ಜುಸೇಲಿಯಾ, ಒತೀಲಿಯಾ ಮೂವರೂ ನಿಂತು ನೋಡಿದರು. ಮೇಣದ ಬಿರಡೆ ಒಂದು ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು. ಹುಡುಗಿ ಅದನ್ನು ಉಗುರಿನಿಂದ ಎಬ್ಬಿಸಿ ಮೂಸಿ ನೋಡಿದಳು.

"ಇದನ್ನ ಯಾರು ಮಾಡಿದ್ದು?"

ಒಸ್ನಿ ಪುರಸಭೆಯ ನೌಕರ, ಪುರಸಭೆಯ ಕಾಯಿದೆ. ಲಾರಿ ಹೋದರೆ ಮನೆಗೆ ಬರುವುದು ಏನೂ ಇಲ್ಲ. ಜುಸೇಲಿಯಾ ಗಂಡನ ತೋಳು ಹಿಡಿದಳು.

"ನಾನೇ," ಅಂದಳು ಒತೀಲಿಯಾ.

"ದೋನಾ ಒತೀಲಿಯಾ."

"ನಾನೇ ಬೆಳೆಸಿದ್ದು. ನಾನೇ ಕೊಂದೆ. ಬರ್ಕೋ."

ಸಿಮಾರಾ ಅವಳ ಕೈ ನೋಡಿದಳು, ಗಂಟು ಗಂಟಾದ ಬೆರಳು ನೋಡಿದಳು. ತೂತಿನೊಳಗೆ ಕಡ್ಡಿ ಇಳಿಸಿ ಆಳ ನೋಡಿದಳು. ಆಮೇಲೆ ಒಸ್ನಿಯ ಮುಖ ನೋಡಿದಳು. ಒಸ್ನಿ ನೆಲ ನೋಡುತ್ತಿದ್ದ. ಅವನು ಈಗ ಬಾಯಿ ಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ಒತೀಲಿಯಾ ಹೆದರುತ್ತಾ ಕಾದಳು. ಅವನು ಬಿಡಲಿಲ್ಲ. ಬಿಡಬಾರದು ಎಂದೇ ಅವಳು ಹೇಳಿದ್ದು. ಆದರೂ ಅವನು ಸುಮ್ಮನಿದ್ದದ್ದು ಎದೆಯೊಳಗೆ ಎಲ್ಲೋ ಹೋಗಿ ಕೂತಿತು.

ಹುಡುಗಿ ಬರೆದುಕೊಂಡಳು.

"ಇನ್ನು ನನ್ನ ಕೈಲಿ ಏನೂ ಇಲ್ಲ," ಅಂದಳು. "ಬೇಕಂತ ಕೊಂದ ಮರದ ಜಾಗದಲ್ಲಿ ಕಟ್ಟೋ ಹಾಗಿಲ್ಲ. ಇಲ್ಲದಿದ್ರೆ ಎಲ್ಲರೂ ಹೀಗೇ ಮಾಡ್ತಾರೆ. ಕೇಸು ಮುಗಿಯೋವರೆಗೆ ಈ ಮರಾನೂ ಮುಟ್ಟೋ ಹಾಗಿಲ್ಲ, ಈ ನಿವೇಶನದಲ್ಲಿ ಒಂದು ಗೋಡೆ ಏಳಿಸೋ ಹಾಗಿಲ್ಲ, ಒಡೆಯೋ ಹಾಗೂ ಇಲ್ಲ. ವರ್ಷಗಳೇ ಹಿಡೀಬಹುದು."

"ಅಡುಗೆಮನೆ?" ಅಂದಳು ಒತೀಲಿಯಾ. "ಅವತ್ತು ನೀನೇ ಹೇಳಿದ್ದೆಯಲ್ಲಮ್ಮ. ಒಲೆ ಕೆಡವಿಸ್ತೀನಿ. ಇವತ್ತೇ ಬೆಂಕಿ ಆರಿಸ್ತೀನಿ. ಅದನ್ನ ಅವರ ಕೋಣೆ ಮಾಡೋಣ."

"ಅವತ್ತು ಆಗ್ತಿತ್ತು."

"ಗೋಡೆ ಮುಟ್ಟಲ್ಲ. ಬರೀ ಒಲೆ."

"ರಸ್ತೆಗೆ ಬಾಗಿಲು ಒಡೆಯದೆ ಕುರ್ಚಿ ಹೋಗಲ್ಲ, ದೋನಾ ಒತೀಲಿಯಾ. ಬಚ್ಚಲಿಗೆ ಗೋಡೆ ಬೇಕು." ಹುಡುಗಿಯ ಕಣ್ಣು ಒದ್ದೆಯಾಗಿತ್ತು, ಕೋಪವೂ ಇತ್ತು. "ನಾನು ವಾರದೊಳಗೆ ಕೊಡಿಸ್ತೀನಿ ಅಂದಿದ್ದೆ. ಅಂದಿದ್ದೆ ತಾನೇ?"

*

ಆಮೇಲೆ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಒಸ್ನಿ ಹೊತ್ತು ಮೀರಿ ಬರುತ್ತಿದ್ದ, ಆರ್ಲಿಂದೊನ ಮನೆಯಲ್ಲೇ ಉಂಡು ಬಂದೆ ಅನ್ನುತ್ತಿದ್ದ. ಜುಸೇಲಿಯಾಳ ಸೊಂಟ ನೋಡಿದ ಡಾಕ್ಟರು, ಇನ್ನು ನೀರಿನ ಬಕೆಟ್ಟನ್ನೂ ಎತ್ತಕೂಡದು, ಎತ್ತಿದರೆ ಕಾಲು ನಿಲ್ಲುವುದಿಲ್ಲ ಅಂದರು. ಮಾಯ್ರಾ ಶಾಲೆಗೆ ಹೋಗುವ ಮುಂಚೆ ಅಜ್ಜನನ್ನು ಎಬ್ಬಿಸಲು ಕೈ ಹಾಕಿದಳು. ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿದರೂ ಆ ಭಾರ ಏಳಲಿಲ್ಲ. ಅವನ ಬೆನ್ನಿನಲ್ಲಿ ಹುಣ್ಣಾಯಿತು. ವ್ಯಾನಿನ ನರ್ಸ್ ಅದನ್ನು ನೋಡಿ, ಹೊರಗೆ ಕರೆದು, ಹೀಗೇ ಬಿಟ್ಟರೆ ಅದರಿಂದಲೇ ಹೋಗುತ್ತಾರೆ ಅಂದಳು.

ಒಂದು ಸಂಜೆ ಒಸ್ನಿ ಹೊತ್ತಿಗೆ ಸರಿಯಾಗಿ ಬಂದ. ಒಲೆಯ ಮುಂದೆ ಕೂತ. ಒತೀಲಿಯಾ ತಟ್ಟೆ ಇಟ್ಟಳು. ಅವನು ಮುಟ್ಟಲಿಲ್ಲ. ಅವನು ತಟ್ಟೆ ಮುಟ್ಟದೆ ಕೂತದ್ದನ್ನು ಅವಳು ನೋಡಿರಲೇ ಇಲ್ಲ.

"ಕನ್ಯಾಸ್ತ್ರೀಯರ ಹತ್ತಿರ ಒಂದು ಹಾಸಿಗೆ ಖಾಲಿ ಇದೆಯಂತೆ ಅಮ್ಮಾ."

"ಹೂಂ."

"ನೀನು ಬೈದ್ಬಿಡು. ಏನಾದ್ರೂ ಅಂದ್ಬಿಡು."

"ಯಾಕೆ ಬೈಲಿ?"

"ಅವತ್ತು ಸುಮ್ನೆ ನಿಂತ್ನಲ್ಲ."

"ನಾನೂ ಸುಮ್ನೆ ಇದ್ದೆ ಒಸ್ನಿ," ಅಂದಳು ಒತೀಲಿಯಾ. "ನೀನು ಬೈರಿಗೆ ಹಾಕೋವಾಗ ಕೇಳಿಸ್ತಾ ಇತ್ತು ನನಗೆ. ಉಣ್ಣು. ಆರತ್ತೆ."

ಅವನು ಉಂಡ. ಅಳುತ್ತಲೇ ಉಂಡ. ಅವಳು ಮತ್ತೊಂದು ತುಂಡು ಮುದ್ದೆ ಹಾಕಿದಳು.

"ಹಾಸಿಗೆ ಒಂದೇನಾ? ಕೇಳಿ ನೋಡು," ಅಂದಳು ಆಮೇಲೆ. "ಗಂಡಹೆಂಡಿರನ್ನ ಇಟ್ಕೋತಾರಾ ಅಂತ."

"ನೀನ್ಯಾಕಮ್ಮಾ? ಇದು ನಿನ್ನ ಮನೆ."

"ಅವರಿಗೆ ನೀರು ಬೇಕಾದ್ರೆ ಯಾರು ಹೇಳ್ತಾರೆ?"

ಜುಸೇಲಿಯಾ ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ಇರಿ. ಜನ ನನ್ನ ಅಂತಾರೆ. ಸೊಸೆ ಇಬ್ಬರನ್ನೂ ಓಡಿಸಿದ್ಳು ಅಂತಾರೆ."

"ಅನ್ಲಿ. ನೀನು ಇವರ ಮೈ ತೊಳೆದಿದ್ದು ನಾನು ನೋಡಿದೀನಿ," ಅಂದಳು ಒತೀಲಿಯಾ. ಅಷ್ಟು ತಿಂಗಳಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. "ಒಲೆಗೆ ಬೆಳಿಗ್ಗೆ ಸಣ್ಣ ಸೌದೆ ಹಾಕು. ಹೊಗೆ ಕಡಿಮೆ."

ಹೊರಡುವ ದಿನ ಒಸ್ನಿ, ಆರ್ಲಿಂದೊ ಸೇರಿ ಮುದುಕನನ್ನು ಕುರ್ಚಿಯ ಸಮೇತ ಮೆಟ್ಟಿಲಿಳಿಸಿದರು. ಮಾಯ್ರಾ ಅಜ್ಜನ ಕಾಲಿಗೆ ಉಣ್ಣೆಯ ಚೀಲ ತೊಡಿಸಿ, ಅಜ್ಜಿಯನ್ನು ಅಪ್ಪಿಕೊಂಡಳು. ಅಪ್ಪಿಕೊಂಡು ಬಿಡಲೇ ಇಲ್ಲ. ಒಣಗಿದ ಮರದ ಕೆಳಗೆ ಹೋಗುವಾಗ ದೊರ್ವಾಲಿನೊ ಕತ್ತೆತ್ತಿ ನೋಡಿದ. ಇದನ್ನ ಬೇಗ ಇಳಿಸಿ, ಒಣಗಿದ ಪೈನ್ ಹೇಳದೆ ಕೇಳದೆ ಮುರಿದು ಬೀಳತ್ತೆ ಅಂದ. ಇಳಿಸ್ತಾರೆ ಅಂದಳು ಒತೀಲಿಯಾ. ಕೋಣೆ ಆಗುವ ತನಕ ಬೇರೆ ಕಡೆ ಇದ್ದು ಬರೋಣ, ಧೂಳು ನಿಮಗಾಗಲ್ಲ ಎಂದು ಅವನಿಗೆ ಹೇಳಿದ್ದಳು.

ಆಶ್ರಮದಲ್ಲಿ ಎಲ್ಲ ಇತ್ತು. ಬಾಗಿಲುಗಳು ಅಗಲವಾಗಿದ್ದವು, ಎಲ್ಲೂ ಮೆಟ್ಟಿಲಿರಲಿಲ್ಲ, ಬಚ್ಚಲಿನಲ್ಲಿ ಕೂರಿಸಿ ಮೈ ತೊಳೆಸಲು ಗಾಲಿಯ ಪೀಠವಿತ್ತು, ನಲ್ಲಿ ತಿರುಗಿಸಿದರೆ ಬಿಸಿನೀರು. ಅವನ ಬೆನ್ನಿನ ಹುಣ್ಣು ಮಾಯತೊಡಗಿತು. ಬೆಳಗಿನಿಂದ ಸಂಜೆಯವರೆಗೆ ಒತೀಲಿಯಾಗೆ ಮಾಡಲು ಏನೂ ಇರಲಿಲ್ಲ. ಅಡುಗೆಯವರು ಅವಳನ್ನು ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ. ಗಂಡ ಏನು ಹೇಳಿದ ಎಂದು ಯಾರಾದರೂ ಕೇಳಿದಾಗ ಹೇಳುವುದೊಂದೇ ಅವಳ ಕೆಲಸ.

ಒಸ್ನಿ ಭಾನುವಾರ ಬರುತ್ತಿದ್ದ. ಜುಸೇಲಿಯಾಗೆ ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ, ಬ್ರೆಡ್ಡು ಕಳಿಸುತ್ತಿದ್ದಳು. ಒಂದು ಭಾನುವಾರ ಬಂದವನು ಅಪ್ಪನ ಎದುರು ಬೆಂಚಿನ ಮೇಲೆ ಕೂತು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಮಾಯ್ರಾಳ ಪರೀಕ್ಷೆಯ ಸುದ್ದಿ ಹೇಳಿದ, ಲಾರಿಯ ಬ್ರೇಕಿನ ಸುದ್ದಿ ಹೇಳಿದ.

ದೊರ್ವಾಲಿನೊ ಮುಂದಕ್ಕೆ ಬಾಗಿ, ಎಡಗೈಯಿಂದ ಮಗನ ಮಂಡಿ ಹಿಡಿದು ಉದ್ದಕ್ಕೆ ಏನೋ ಹೇಳಿದ. ಹೇಳಿ ಮುಗಿಸಿ ಮಗನ ಮುಖ ನೋಡಿದ. ಒಸ್ನಿ ತಾಯಿಯ ಕಡೆ ತಿರುಗಿದ.

"ಏನಂತಿದಾರೆ ಅಮ್ಮಾ?"

ಗೋಡೆ ಎಷ್ಟೆತ್ತರ ಬಂತು, ಎಂದು ಕೇಳುತ್ತಿದ್ದ. ಹೆಂಚು ಬೇಡ, ಹಲಗೆಯ ಸೂರೇ ಹಾಕು, ಹಲಗೆ ನಾನು ಆರಿಸಿ ಕೊಡ್ತೀನಿ. ನಮ್ಮನ್ನ ಯಾವತ್ತು ಕರ್ಕೊಂಡು ಹೋಗ್ತೀಯ?

"ಘಟ್ಟದ ದಾರೀಲಿ ಮಂಜು ಜಾಸ್ತಿ," ಅಂದಳು ಒತೀಲಿಯಾ. "ಕತ್ತಲಾಗೋ ಮುಂಚೆ ಹೊರಡು ಅಂತಿದಾರೆ."

"ಆಯ್ತಪ್ಪ," ಅಂದ ಒಸ್ನಿ, ಜೋರಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ. "ಹಾಗೇ ಮಾಡ್ತೀನಿ."

ದೊರ್ವಾಲಿನೊ ತೃಪ್ತಿಯಿಂದ ತಲೆಯಾಡಿಸಿ ಹಿಂದಕ್ಕೆ ಒರಗಿದ.